ಕಾರಣವಿಲ್ಲದೆ ಮಾಂಸ ಬಿಟ್ಟವನು

ಮಾಂಸ ಬಿಟ್ಟ ಗಂಡಸು ನಮ್ಮ ಕಡೆ ಸುಮ್ಮನೆ ಉಂಡು, ಕೈತೊಳೆದು, ಎದ್ದು ಬರುವುದು ಸಾಧ್ಯವೇ ಇಲ್ಲ. ಎಲ್ಲಿ ಹೋದರೂ ಊಟದ ಹೊತ್ತಿಗೆ ಏನಾದರೊಂದು ಆಗಿಯೇ ಆಗುತ್ತದೆ. ಆಗದೇ ಹೋದ ದಿನ ನನಗೇ ಏನೋ ಮರೆತು ಬಂದಂತೆ ಅನ್ನಿಸುತ್ತದೆ.

ನಾನು ಬಾಳೂರಿನ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ಆಳುಗಳ ಹಾಜರಿ ಬರೆಯುವುದು, ಕೆಲಸ ಹಂಚುವುದು ನನ್ನ ಕೆಲಸ. ಹುಟ್ಟಿದ್ದು ಕೋಳಿ, ಮೀನು, ಏಡಿ, ಹಂದಿ ಎಲ್ಲವನ್ನೂ ತಿನ್ನುವ ಮನೆಯಲ್ಲಿ. ಮದುವೆಯಾಗಿ ಮಗಳು ಹುಟ್ಟಿದ ಮೇಲೆ ಒಂದು ದಿನ ತಟ್ಟೆಯ ಮುಂದೆ ಕೂತಾಗ ಬೇಡ ಅನ್ನಿಸಿತು. ಮರುದಿನವೂ ಬೇಡ ಅನ್ನಿಸಿತು. ಹಾಗೇ ಬಿಟ್ಟುಹೋಯಿತು. ನಡೆದದ್ದು ಇಷ್ಟೇ. ಆದರೆ ಇಷ್ಟನ್ನು ಯಾರೂ ನಂಬುವುದಿಲ್ಲ. ಹೆಂಗಸು ಮಾಂಸ ಬಿಟ್ಟರೆ ಭಕ್ತಿ ಜಾಸ್ತಿ ಅನ್ನುತ್ತಾರೆ. ಗಂಡಸು ಬಿಟ್ಟರೆ ಅವನಿಗೆ ಏನೋ ಆಗಿದೆ ಅನ್ನುತ್ತಾರೆ. ನನಗೆ ಹೊಟ್ಟೆಯಲ್ಲಿ ಹುಣ್ಣಾಗಿದೆ ಎಂದವರಿದ್ದಾರೆ, ಯಾರೋ ಮಾಟ ಮಾಡಿಸಿದ್ದಾರೆ ಎಂದವರಿದ್ದಾರೆ. ಹೆಂಡತಿಯ ಹೆದರಿಕೆ ಎಂದವರೂ ಇದ್ದಾರೆ. ನನ್ನ ಹೆಂಡತಿ ಮೀನು ಸಾರು ಮಾಡಿದ ದಿನ ಎರಡು ತುತ್ತು ಹೆಚ್ಚೇ ಉಣ್ಣುವವಳು ಎಂಬುದು ಅವರಿಗೂ ಗೊತ್ತು.

ಇದರಲ್ಲಿ ನಿಜವಾಗಿ ನೊಂದವನು ನನ್ನ ಅಪ್ಪ ಒಬ್ಬನೇ. ಅದೇ ಎಸ್ಟೇಟಿನಲ್ಲಿ ಮೇಸ್ತ್ರಿಯಾಗಿದ್ದವನು, ಆಳುಗಳ ಹಿಂದೆ ನಿಂತು ಕೆಲಸ ಮಾಡಿಸಿದವನು. ಅವನ ಸಂಕಟ ನನ್ನ ಊಟದ್ದಲ್ಲ, ಅವನ ಊಟದ್ದು. ಅದೂ ಸತ್ತ ಮೇಲಿನ ಊಟ. ನಮ್ಮ ಮನೆಯಲ್ಲಿ ಮಹಾಲಯ ಅಮಾವಾಸ್ಯೆಗೆ ತೀರಿಹೋದ ಹಿರಿಯರಿಗೆ ಎಡೆ ಇಡುತ್ತೇವೆ. ಕಡುಬು, ಕೋಳಿ ಸಾರು, ಒಣಮೀನು, ಸೇದುತ್ತಿದ್ದವರಿಗೆ ಬೀಡಿ, ಎಲ್ಲವನ್ನೂ ಬಾಳೆಲೆಗೆ ಬಡಿಸಿ, ಒಳಕೋಣೆಯಲ್ಲಿಟ್ಟು, ಬಾಗಿಲು ಎಳೆದುಕೊಂಡು ಹೊರಗೆ ಕೂರುತ್ತೇವೆ. ಹಿರಿಯರು ಬಂದು ಉಂಡಿರಬಹುದು ಅನ್ನಿಸಿದ ಮೇಲೆ ಬಾಗಿಲು ತೆಗೆದು, ಮನೆಯ ಯಜಮಾನ ಆ ಎಲೆಯಿಂದ ಮೊದಲ ತುತ್ತು ತಿನ್ನಬೇಕು. ಎಲೆ ಮುಟ್ಟುವುದು ಅನ್ನುತ್ತೇವೆ. ಅವನು ಮುಟ್ಟಿದರೆ ಹಿರಿಯರು ಉಂಡ ಹಾಗೆ, ಇಲ್ಲದಿದ್ದರೆ ಅವರು ಹಸಿದುಕೊಂಡೇ ಹೋದ ಹಾಗೆ. ಯಜಮಾನ ಮುಟ್ಟಲಾರದವನಾದರೆ ಎಡೆ ಆ ಮನೆ ಬಿಟ್ಟು ಅಪ್ಪನ ತಮ್ಮಂದಿರ ಮನೆಗೆ ಹೋಗುತ್ತದೆ. ಅಪ್ಪನಿಗೆ ಇದ್ದದ್ದು ಒಬ್ಬನೇ ತಮ್ಮ, ಪಕ್ಕದ ಮನೆಯ ನನ್ನ ಚಿಕ್ಕಪ್ಪ. ಗದ್ದೆಯ ನೀರಿನ ವಿಚಾರಕ್ಕೆ ಇಬ್ಬರೂ ಮಾತು ಬಿಡುವುದು, ಆಡುವುದು, ಮತ್ತೆ ಬಿಡುವುದು ಮೊದಲಿನಿಂದ ನಡೆದುಕೊಂಡು ಬಂದಿತ್ತು.

ನಾನು ಮಾಂಸ ಬಿಟ್ಟದ್ದು ಗಟ್ಟಿಯಾದ ದಿನ ಅಪ್ಪ ಜಗಲಿಯಲ್ಲಿ ಕೂತು ಎಲೆಅಡಿಕೆಯ ಚೀಲ ಬಿಚ್ಚಿ, ಮತ್ತೆ ಕಟ್ಟಿದ. ಕೊನೆಗೆ ಹೇಳಿದ್ದು ಇಷ್ಟು. "ನಾನಿರೋ ತನಕ ನಾನು ಮುಟ್ತೀನಿ. ನಾನು ಹೋದ್ಮೇಲೆ ಮುಟ್ಟೋರ್ಯಾರು? ಸತ್ತ ಮೇಲೆ ಅವನ ಮನೆಗೆ ಊಟಕ್ಕೆ ಹೋಗ್ಬೇಕಾ ನಾನು?"

ಆ ಪ್ರಶ್ನೆ ಬಹಳ ವರ್ಷ ನಮ್ಮ ಮನೆಯಲ್ಲೇ ಉಳಿಯಿತು.

ಮುಂದಿನ ಸೀಟು

ಕಳಸಕ್ಕೆ ಹೋಗಿಬರಲು ನಾನು ಹತ್ತುತ್ತಿದ್ದದ್ದು ಒಂದು ಬಾಡಿಗೆ ಜೀಪು. ಹಿಡಿದಷ್ಟೂ ಜನರನ್ನು ತುಂಬಿಸುತ್ತಾರೆ. ಹಿಂದುಗಡೆ ಕೂತರೆ ಒಬ್ಬರ ಮೊಣಕಾಲು ನಮ್ಮ ಹೊಟ್ಟೆಯಲ್ಲಿ, ನಮ್ಮ ಮೊಣಕಾಲು ಮೆಣಸಿನ ಚೀಲದಲ್ಲಿ. ಮುಂದಿನ ಸೀಟು ಸಿಗಬೇಕಾದರೆ ಒಂದೋ ಬಸುರಿಯಾಗಿರಬೇಕು, ಇಲ್ಲಾ ಡ್ರೈವರನ ನೆಂಟನಾಗಿರಬೇಕು.

ಒಂದು ಚಳಿಗಾಲದಲ್ಲಿ ಡ್ರೈವರ್ ಇದ್ದಕ್ಕಿದ್ದ ಹಾಗೆ ನನ್ನನ್ನು ಮುಂದೆ ಕೂರಿಸತೊಡಗಿದ. ಕೂತಿದ್ದವರನ್ನು ಎಬ್ಬಿಸಿ ಜಾಗ ಕೊಟ್ಟ. ಬೀಡಿ ಹಚ್ಚಿದವನನ್ನು ಗದರಿಸಿ ಆರಿಸಿದ. ನನ್ನನ್ನು 'ಸ್ವಾಮಿ' ಎಂದು ಕರೆದ. ರೈಟರ್ ಕೆಲಸಕ್ಕೆ ಕೊನೆಗೂ ಒಂದು ಮರ್ಯಾದೆ ಬಂತು ಎಂದು ನಾನು ತಿಳಿದುಕೊಂಡೆ. ಮನೆಯಲ್ಲೂ ಹೇಳಿದೆ. ಹೆಂಡತಿ ನನ್ನ ಮುಖವನ್ನೇ ನೋಡಿ ಒಳಗೆ ಹೋದಳು.

ಸಂಕ್ರಾಂತಿ ಕಳೆದು ಸ್ವಲ್ಪ ದಿನಕ್ಕೆ ಡ್ರೈವರ್ ಟೀ ಅಂಗಡಿಯ ಮುಂದೆ ಜೀಪು ನಿಲ್ಲಿಸಿ, ಬನ್ನಿ ಸ್ವಾಮಿ, ಬಿಸಿ ಬಿಸಿ ಆಮ್ಲೆಟ್ ತಿನ್ನೋಣ, ದುಡ್ಡು ನಂದು ಅಂದ. ನಾನು ತಿನ್ನುವುದಿಲ್ಲ ಅಂದೆ. ಅವನಿಗೆ ಆಶ್ಚರ್ಯವಾಯಿತು. ಶಬರಿಮಲೆಗೆ ಹೋಗಿ ಬಂದದ್ದು ಆಯ್ತಲ್ಲ, ಇನ್ನೂ ಮಾಲೆ ತೆಗೆದಿಲ್ವಾ ಎಂದು ಕೇಳಿದ. ಆಗ ನನಗೆ ತಿಳಿಯಿತು. ನನ್ನ ಕಪ್ಪು ಸ್ವೆಟರು, ಚಳಿಗೆ ಬೋಳಿಸದೆ ಬಿಟ್ಟ ಗಡ್ಡ, ಮಾಂಸ ತಿನ್ನುವುದಿಲ್ಲ ಎಂಬ ಸುದ್ದಿ, ಇಷ್ಟನ್ನೂ ಸೇರಿಸಿ ಅವನು ನನ್ನ ಕೊರಳಿಗೆ ಮಾಲೆ ಹಾಕಿಬಿಟ್ಟಿದ್ದ. ಮಾಲೆ ಹಾಕಿಲ್ಲ, ಸುಮ್ಮನೆ ಬಿಟ್ಟಿದ್ದೇನೆ ಎಂದು ಹೇಳಿದೆ.

ಡ್ರೈವರ್ ಟೀ ಲೋಟ ಕೆಳಗಿಟ್ಟ. ಮೋಸ ಹೋದವನ ಮುಖ ಅವನದು. "ಹಂಗಾದ್ರೆ ಇಷ್ಟು ದಿನ ಎಂತಕ್ಕೆ ಮುಂದೆ ಕೂತಿದ್ರಿ ನೀವು? ಹಿಂದೆ ಹೋಗಿ ಮಾರಾಯ್ರೆ."

ಅಳಿಯನ ಹುಂಜ

ನನ್ನ ಹೆಂಡತಿಯ ತವರು ಕಳಸದ ಆಚೆ. ಅಲ್ಲಿ ಮಗಳನ್ನು ಕೊಟ್ಟ ಮನೆಯಲ್ಲಿ ಅಳಿಯನಿಗೆಂದೇ ಒಂದು ಹುಂಜ ಬೆಳೆಸುವ ರೂಢಿ. ಮರಿಯಾಗಿದ್ದಾಗಲೇ ಕಾಲಿಗೆ ಬಟ್ಟೆಯ ಚೂರು ಕಟ್ಟಿ ಗುರುತು ಮಾಡುತ್ತಾರೆ. ಆಮೇಲೆ ಮನೆಗೆ ಎಂಥಾ ನೆಂಟರೇ ಬಂದರೂ ಆ ಹುಂಜದ ತಂಟೆಗೆ ಹೋಗುವುದಿಲ್ಲ. ಅಳಿಯ ಬಂದ ದಿನವೇ ಅದರ ಕೊನೆ.

ಮಾಂಸ ಬಿಟ್ಟ ಮೇಲೆ ಮೊದಲ ಸಲ ನಾನು ಹೋದಾಗ ಅತ್ತೆ ಆಗಲೇ ಖಾರ ಅರೆಯುತ್ತಿದ್ದರು. ವಿಷಯ ಹೇಳಿದೆ. ಕೈ ಅಲ್ಲೇ ನಿಂತಿತು. ಒಳಗೆ ಹೋಗಿ ಮಾವನಿಗೆ ಏನೋ ಹೇಳಿದರು. ಮಾವ ಹೊರಗೆ ಬಂದು ನನ್ನ ಎದುರು ಕೂತು, ತಲೆ ತಗ್ಗಿಸಿ, ಮದುವೆಯಲ್ಲಿ ನಮ್ಮ ಕಡೆಯಿಂದ ಏನಾದರೂ ತಪ್ಪಾಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ ಅಂದರು. ಅಳಿಯ ಮುನಿಸಿಕೊಂಡರೆ ಹಾಗೆ ಮಾಡುವುದುಂಟು, ಬಡಿಸಿದ ಕೋಳಿ ಮುಟ್ಟದೆ ಎದ್ದುಬಿಡುತ್ತಾನೆ. ಮುನಿಸಲ್ಲ ಎಂದು ಅವರಿಗೆ ನಂಬಿಸಲು ನಾನು ಕಾಯಿಹಾಲಿನ ಜೊತೆ ಅಷ್ಟೂ ಕಡುಬು ತಿಂದೆ. ಅತ್ತೆ ಕಣ್ಣೊರೆಸಿಕೊಂಡು ಬಡಿಸಿದರು.

ಹುಂಜ ಉಳಿಯಿತು. ಅಳಿಯನಿಗೆ ಎಂದು ಗುರುತು ಮಾಡಿದ್ದನ್ನು ಬೇರೆಯವರಿಗೆ ಕೊಯ್ಯುವಂತಿಲ್ಲ, ಅಳಿಯ ತಿನ್ನುವಂತಿಲ್ಲ. ಹೀಗಾಗಿ ಅದು ಬದುಕಿತು. ವರ್ಷ ಕಳೆದ ಹಾಗೆ ದಪ್ಪಗಾಯಿತು, ಕೊಬ್ಬಿತು. ಕಾಫಿ ಒಣಗಿಸುವ ಕಣವನ್ನೆಲ್ಲ ತನ್ನದೇ ಮಾಡಿಕೊಂಡಿತು. ಕಾಫಿ ಹರಡಲು ಹೋದ ಹೆಂಗಸರ ಹಿಮ್ಮಡಿ ಕುಕ್ಕುತ್ತಿತ್ತು. ನಾಯಿ ಅದನ್ನು ಕಂಡರೆ ಒಲೆಯ ಹಿಂದೆ ಹೋಗಿ ಮಲಗುತ್ತಿತ್ತು. ಬಂದ ನೆಂಟರು ಅದನ್ನೇ ನೋಡಿ ನಾಲಿಗೆ ಚಪ್ಪರಿಸಿದರೆ, ಅದು ಅಳಿಯಂದಿರದ್ದು ಎಂದು ಅತ್ತೆ ಕಡ್ಡಿ ಮುರಿದಂತೆ ಹೇಳುತ್ತಿದ್ದರು.

ನಾನು ಮತ್ತೊಮ್ಮೆ ಹೋದಾಗ ಜೀಪಿನಿಂದ ಇಳಿದು ಕಣ ದಾಟುತ್ತಿದ್ದೆ. ಅದು ಮನೆಯ ಮೂಲೆಯಿಂದ ನನ್ನನ್ನು ನೋಡಿತು. ಆಮೇಲೆ ನಡೆದದ್ದನ್ನು ವಿವರಿಸಲಾರೆ. ಕೈಯಲ್ಲಿದ್ದ ಹಣ್ಣಿನ ಚೀಲ ಒಂದು ಕಡೆ, ಚಪ್ಪಲಿ ಒಂದು ಕಡೆ, ನಾನು ಜಗಲಿಯ ಕಂಬದ ಹಿಂದೆ. ಅತ್ತೆ ಪೊರಕೆ ಹಿಡಿದು ಓಡಿಬಂದು ಅದನ್ನು ಅಟ್ಟಿದರು. ನನ್ನ ಕಾಲಿಗೆ ಅರಿಶಿನ ಹಚ್ಚುತ್ತಾ ಬಹಳ ಬೇಸರದಿಂದ ಹೇಳಿದರು.

"ನೀವು ಮಾಂಸ ಬಿಟ್ಟದ್ದಕ್ಕೆ ಲೋಕದಲ್ಲಿ ಉಳಿದದ್ದು ಅದೊಂದೇ ಜೀವ. ಅದಕ್ಕೂ ನಿಮ್ಮನ್ನ ಕಂಡ್ರಾಗಲ್ಲ."

ಪಾಲು

ನಮ್ಮ ಊರಿನಲ್ಲಿ ದೀಪಾವಳಿಯ ಮಾರನೇ ದಿನ ಎಲ್ಲ ಮನೆಯವರೂ ಸೇರಿ ಹಂದಿ ತರುತ್ತಾರೆ. ಕೊಯ್ದು, ಬಾಳೆಲೆಯ ಮೇಲೆ ಮನೆಗೊಂದು ಗುಡ್ಡೆ ಹಾಕುತ್ತಾರೆ. ಅದು ಪಾಲು. ಪಾಲು ಅಂದಮೇಲೆ ಜಗಳ ಇದ್ದೇ ಇರುತ್ತದೆ. ಅವನಿಗೆ ಲಿವರು ಹೋಯಿತು, ಇವನಿಗೆ ಬರೀ ನೆಣ ಬಂತು, ಪಾಲು ಹಾಕಿದವನು ತನ್ನ ಭಾವನ ಗುಡ್ಡೆಗೆ ತೊಡೆಯ ತುಂಡು ಸೇರಿಸಿದ. ಒಂದು ವರ್ಷ ಈ ಮಾತಿಗೇ ಇಬ್ಬರು ಕತ್ತಿನ ಪಟ್ಟಿ ಹಿಡಿದಿದ್ದರು.

ನಾನು ಮಾಂಸ ಬಿಟ್ಟ ಮೇಲೆ ಆ ದಿನ ಮನೆಯಲ್ಲೇ ಇರುತ್ತಿದ್ದೆ. ಅಪ್ಪ ಹೋಗಿ ಪಾಲು ತರುತ್ತಿದ್ದ. ಮಗ ಎಲ್ಲಿ ಎಂದು ಯಾರಾದರೂ ಕೇಳಿದರೆ ಜ್ವರ ಅನ್ನುತ್ತಿದ್ದನಂತೆ. ಪ್ರತಿ ದೀಪಾವಳಿಗೂ ನನಗೆ ಜ್ವರ. ನನ್ನಿಂದ ಅಪ್ಪ ಊರವರ ಮುಂದೆ ಸುಳ್ಳು ಹೇಳುವ ಹಾಗಾಯಿತಲ್ಲ ಎಂದು ನನಗೆ ಬೇಜಾರಿತ್ತು.

ಒಂದು ವರ್ಷ ಊರಿನ ಹಿರಿಯರು ನಾಲ್ಕೈದು ಜನ ನಮ್ಮ ಜಗಲಿಗೆ ಬಂದರು. ಜ್ವರದ ವಿಷಯ ತಿಳಿದುಕೊಂಡು ಬಯ್ಯಲು ಬಂದಿದ್ದಾರೆ ಎಂದು ಅಪ್ಪ ಒಳಗೆ ಹೋದ. ಅವರು ಬಂದದ್ದು ಅದಕ್ಕಲ್ಲ. ಈ ಸಲ ಪಾಲು ಹಾಕುವುದಕ್ಕೆ ನೀನೇ ಬರಬೇಕು, ನಿನಗೆ ಯಾವ ತುಂಡಿನ ಮೇಲೂ ಆಸೆ ಇಲ್ಲ, ಊರಿನಲ್ಲಿ ನಂಬಬಹುದಾದವನು ನೀನೊಬ್ಬನೇ ಉಳಿದಿರುವುದು ಅಂದರು. ಬೇಡ ಅಂದರೂ ಬಿಡಲಿಲ್ಲ.

ಹೋದೆ. ಮೂಗಿಗೆ ಟವೆಲ್ ಕಟ್ಟಿಕೊಂಡು ಕೈಯಲ್ಲೊಂದು ಕಾಫಿ ಕಡ್ಡಿ ಹಿಡಿದು ನಿಂತೆ. ಇದು ಅಲ್ಲಿಗೆ, ಅದು ಇಲ್ಲಿಗೆ ಎಂದು ಕಡ್ಡಿಯಿಂದ ತೋರಿಸಿದೆ. ಗುಡ್ಡೆ ಗುಡ್ಡೆಗೂ ಲಿವರಿನ ಒಂದೊಂದು ಚೂರು ಹಾಕಿಸಿದೆ. ಒಬ್ಬನೂ ತುಟಿಪಿಟಕ್ ಅನ್ನಲಿಲ್ಲ. ಎಲ್ಲರೂ ತಮ್ಮ ತಮ್ಮ ಎಲೆ ಎತ್ತಿಕೊಂಡು ಹೋದರು. ಆವತ್ತು ಅಪ್ಪ ಊರವರ ನಡುವೆ ಎದೆಯುಬ್ಬಿಸಿ ನಿಂತಿದ್ದ. ಅದನ್ನು ನೋಡಿ ನನಗೆ ಕಣ್ಣು ತುಂಬಿತು. ಹಂದಿ ಸುಟ್ಟ ಹೊಗೆ ಎಂದು ಹೇಳಿಕೊಂಡೆ.

ಮನೆಗೆ ಬಂದು ಅಪ್ಪ ನಮ್ಮ ಎಲೆ ಬಿಚ್ಚಿದ. ತನ್ನ ಮನೆಗೇ ಒಳ್ಳೆಯದು ಹಾಕಿಕೊಂಡ ಎಂಬ ಮಾತು ಬರಬಾರದೆಂದು ನಾನು ನಮ್ಮ ಗುಡ್ಡೆಯ ವಿಷಯದಲ್ಲಿ ಸ್ವಲ್ಪ ಬಿಗಿಯಾಗಿದ್ದೆ. ಅಪ್ಪ ಒಂದೊಂದೇ ಮೂಳೆ ಎತ್ತಿ ನೋಡಿ ಕೆಳಗಿಟ್ಟ.

"ನೀನು ಬಿಟ್ಟಿದ್ದು ಸರಿ ಮಾರಾಯ. ನಾವ್ಯಾವಾಗ ಬಿಟ್ವಿ?"

ಬಿಡೋಕೆ ಏನೂ ಇಲ್ಲದವರು

ಎಸ್ಟೇಟಿನ ಯಜಮಾನರಿಗೆ ಪರಿಚಯದ ಒಬ್ಬ ಹಿರಿಯರು ಕಳಸದ ದಾರಿಯಲ್ಲಿದ್ದಾರೆ. ಅಡಿಕೆ, ಕಾಫಿ ಎರಡೂ ಇದೆ, ಮನೆತನದ ಪೂಜೆಯೂ ಇದೆ. ಅವರು ಹೊಸ ಮನೆ ಕಟ್ಟಿಸಿ ಗೃಹಪ್ರವೇಶಕ್ಕೆ ಕರೆದಿದ್ದರು. ಯಜಮಾನರಿಗೆ ಹೋಗಲಾಗದೆ ನನ್ನನ್ನು ಕಳಿಸಿದರು.

ನಾನು ಮಾಂಸ ಬಿಟ್ಟವನೆಂದು ಯಾರೋ ಅವರ ಕಿವಿಗೆ ಹಾಕಿದ್ದರು. ನನ್ನನ್ನು ಬಿಡಲೇ ಇಲ್ಲ. ಕೈಹಿಡಿದು ಕರೆದುಕೊಂಡು ಹೋಗಿ ಬಂದವರಿಗೆಲ್ಲ ತೋರಿಸಿದರು. ಇವರು ಹುಟ್ಟಿದ್ದು ಹಾಗಲ್ಲ, ತಾವೇ ಇಷ್ಟಪಟ್ಟು ಬಿಟ್ಟವರು, ಯಾರೂ ಹೇಳಿದ್ದಲ್ಲ ಎಂದು ಪ್ರತಿಯೊಬ್ಬರಿಗೂ ವಿವರಿಸಿದರು. ಜನ ನನ್ನನ್ನು ಮ್ಯೂಸಿಯಮ್ಮಿನ ಸಾಮಾನಿನ ಹಾಗೆ ನೋಡಿದರು. ಒಬ್ಬ ಅಜ್ಜಿ ನನ್ನ ಕೆನ್ನೆ ಮುಟ್ಟಿ, ಪಾಪ, ಎಷ್ಟು ಸೊರಗಿದ್ದಾರೆ ಅಂದರು. ನಮ್ಮೂರಲ್ಲಿ ಮಾಂಸ ಬಿಟ್ಟು ಸೊರಗಿದ ಅನ್ನುತ್ತಾರೆ. ಇಲ್ಲಿ ಮೊದಲು ತಿಂದು ಸೊರಗಿದ ಎಂದು ಅವರ ಅಭಿಪ್ರಾಯ ಇದ್ದಿರಬೇಕು. ನನಗೆ ಎರಡು ಕಡೆಯೂ ಒಂದೇ ಥರ ಕಂಡಿತು. ಇವನು ಗಂಡಸಾಗಿ ಹೀಗೆ ಯಾಕಾದ ಎಂದು ಅಲ್ಲಿ ಕೇಳುತ್ತಾರೆ, ಇವನು ಅಂಥವನಾಗಿ ಹೀಗೆ ಹೇಗಾದ ಎಂದು ಇಲ್ಲಿ ಕೇಳುತ್ತಾರೆ. ಹಸಿವಾಗಿದೆಯಾ ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಊಟ ಚೆನ್ನಾಗಿತ್ತು. ಹೊರಡುವಾಗ ಆ ಹಿರಿಯರು ಗೇಟಿನ ತನಕ ಬಂದರು. ಅಕ್ಕಪಕ್ಕ ಯಾರೂ ಇಲ್ಲವೆಂದು ನೋಡಿಕೊಂಡು ದನಿ ತಗ್ಗಿಸಿದರು. ಎಲ್ಲಿ ಒಳ್ಳೆಯ ಕೋಳಿ ಸಿಗುತ್ತದೆ ಎಂದು ಕೇಳುತ್ತಾರೇನೋ ಎಂದು ನನಗೆ ಭಯವಾಯಿತು. ಅವರು ಕೇಳಿದ್ದು ಅದಲ್ಲ. ಮುಖದಲ್ಲಿ ನಿಜವಾದ ನೋವಿತ್ತು.

"ಬಿಟ್ಟ ಪುಣ್ಯ ನಿಮಗೆ ಬಂತು. ನಾವು ಹುಟ್ಟಿದಾಗಿಂದ ತಿಂದದ್ದೇ ಇಲ್ಲ. ನಮಗೆ ಬಿಡೋಕೆ ಏನಿದೆ ಹೇಳಿ ಮಾರಾಯ್ರೆ?"

ಚಿಕ್ಕಪ್ಪನ ರಕ್ತ

ಚಿಕ್ಕಪ್ಪನಿಗೆ ಚಿಕ್ಕಮಗಳೂರಿನಲ್ಲಿ ಹೊಟ್ಟೆಯ ಆಪರೇಷನ್ ಆಯಿತು. ರಕ್ತ ಬೇಕೆಂದರು. ಮನೆಯವರಲ್ಲಿ ಗುಂಪು ಕೂಡಿಬಂದದ್ದು ನನ್ನದು ಮಾತ್ರ. ಕೊಟ್ಟು ಬಂದೆ.

ಎಚ್ಚರವಾದ ಮೇಲೆ ರಕ್ತ ಯಾರದ್ದೆಂದು ಕೇಳಿದನಂತೆ. ಹೇಳಿದರು. ಚಿಕ್ಕಪ್ಪ ನರ್ಸಮ್ಮನ ಹತ್ತಿರ, ಸೊಪ್ಪು ತಿನ್ನೋನ ರಕ್ತ, ಸಪ್ಪೆ ಇರಲ್ವಾ, ಬೇರೆ ಯಾರದ್ದಾದರೂ ಸ್ವಲ್ಪ ಸೇರಿಸೋಕಾಗ್ತದಾ ಎಂದು ವಿಚಾರಿಸಿದ. ಆಯಮ್ಮ ಏನು ಹೇಳಿದರೋ ಗೊತ್ತಿಲ್ಲ. ಮನೆಗೆ ಬಂದ ಮೇಲೆ ಎಷ್ಟೋ ದಿನ ಚಿಕ್ಕಪ್ಪನಿಗೆ ಹಂದಿ ಮಾಂಸ ಸೇರಲಿಲ್ಲ. ವಾಸನೆಗೇ ವಾಕರಿಕೆ. ಆಪರೇಷನ್ ಆದವರಿಗೆ ಹಾಗಾಗುವುದುಂಟು, ಸರಿಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಚಿಕ್ಕಪ್ಪ ಒಪ್ಪಲಿಲ್ಲ. ಕೋಲೂರಿಕೊಂಡು ನಮ್ಮ ಜಗಲಿಗೆ ಬಂದು, ಎಲ್ಲರೂ ಕೇಳುವಂತೆ ನನ್ನ ಮೇಲೆ ದೂರು ಹೇಳಿದ. ಅಣ್ಣ ಹೋದ ಮೇಲೆ ಎಡೆ ಮುಟ್ಟಲು ನಾನಿದ್ದೇನಲ್ಲ ಅಂತ ಧೈರ್ಯವಾಗಿದ್ದೆ, ಈಗ ನನ್ನನ್ನೂ ನಿನ್ನ ಹಾಗೆ ಮಾಡಿಟ್ಟೆ ಅಂದ.

ಅಪ್ಪ ಎಲೆಅಡಿಕೆಯ ಕವಳ ಹಾಕುತ್ತಾ ಕೂತಿದ್ದವನು ಮೊದಲ ಸಲ ಈ ವಿಷಯದಲ್ಲಿ ನನ್ನ ಪರವಾಗಿ ಮಾತಾಡಿದ. "ರಕ್ತ ಕೊಟ್ಟಿದ್ದು ಒಳ್ಳೇದೇ ಮಾಡಿದೆ ಮಗ. ಇನ್ನೊಂದು ಸಲ ಕೇಳಿದ್ರೂ ಕೊಡು."

ಮಾಡಿ ತೋರಿಸು

ಚಿಕ್ಕಪ್ಪನಿಗೆ ನಾಲಿಗೆ ಮತ್ತೆ ಮೊದಲಿನ ಹಾಗಾಯಿತು. ಅಷ್ಟರಲ್ಲಿ ಅಪ್ಪನ ಮೈ ಸೋಲತೊಡಗಿತು. ಒಂದು ಮಳೆಗಾಲ ಕಳೆಯುವ ಹೊತ್ತಿಗೆ ಮೆಟ್ಟಿಲು ಹತ್ತಿದರೆ ಉಸಿರು ಸಿಗುತ್ತಿರಲಿಲ್ಲ. ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದ್ದನ್ನು ನಾನು ಯಾರಿಗೂ ಹೇಳಲಿಲ್ಲ. ಅಪ್ಪನಿಗೆ ಹೇಳುವ ಅಗತ್ಯ ಇರಲಿಲ್ಲ, ಅವನಿಗೆ ಗೊತ್ತಿತ್ತು.

ಚಿಕ್ಕಪ್ಪ ನೋಡಲು ಬಂದಾಗಲೆಲ್ಲ ಅದೇ ಮಾತು. ನೀನೇನೂ ಯೋಚನೆ ಮಾಡಬೇಡ ಅಣ್ಣ, ನಮ್ಮ ಮನೆಯಲ್ಲೇ ಇಡುತ್ತೇವೆ. ಕೆಟ್ಟ ಮನಸ್ಸಿನಿಂದ ಹೇಳುತ್ತಿದ್ದದ್ದಲ್ಲ, ಅದು ನನಗೂ ಗೊತ್ತು. ಆದರೆ ಆ ಮಾತು ಕೇಳಿದ ದಿನ ಅಪ್ಪ ಗಂಜಿಯನ್ನೂ ಮುಟ್ಟುತ್ತಿರಲಿಲ್ಲ. ಅದನ್ನು ನೋಡಿ ನೋಡಿ ನಾನು ಒಂದು ತೀರ್ಮಾನಕ್ಕೆ ಬಂದೆ. ನಾನೇ ಮುಟ್ಟುತ್ತೇನೆ, ಒಂದು ತುಂಡು ತಾನೇ, ಕಣ್ಣುಮುಚ್ಚಿ ತಿಂದುಬಿಡುತ್ತೇನೆ ಎಂದು ಅಪ್ಪನಿಗೆ ಹೇಳಿದೆ.

ಅಪ್ಪ ನಂಬಲಿಲ್ಲ. ಮೇಸ್ತ್ರಿಯಾಗಿದ್ದಾಗ ಅವನದೊಂದು ಪದ್ಧತಿ ಇತ್ತು. ಹೊಸ ಆಳು ಬಂದು ನನಗೆ ಕಾಫಿ ಗಿಡದ ಹೆಚ್ಚಿನ ಕೊಂಬೆ ಸವರಲು ಬರುತ್ತದೆ ಅಂದರೆ ಕೆಲಸ ಕೊಡುತ್ತಿರಲಿಲ್ಲ. ಒಂದು ಗಿಡ ತೋರಿಸಿ, ಕೈಕಟ್ಟಿ ಎದುರು ನಿಂತು, ಮಾಡು ನೋಡುವಾ ಅನ್ನುತ್ತಿದ್ದ. ಮಗನಿಗೂ ಅದನ್ನೇ ಹೇಳಿದ.

"ಒಂದ್ಸಲ ಮಾಡಿ ತೋರ್ಸು."

ಬದುಕಿರುವವನಿಗೆ ಎಡೆ ಇಡುವುದೇ? ಹೆಂಡತಿ ಕಿವಿ ಮುಚ್ಚಿಕೊಂಡಳು. ಅಪ್ಪನ ತಂಗಿ, ನನ್ನ ಸೋದರತ್ತೆ, ಇದು ಅಪಶಕುನ ಅಣ್ಣ, ಬೇಡ ಎಂದು ಅಂಗಲಾಚಿದರು. ಅಪ್ಪ ಜಗ್ಗಲಿಲ್ಲ. ಎಡೆಯ ದಿನ ಏನಾದರೂ ತಪ್ಪಾದರೆ ಹೇಳುವುದಕ್ಕೆ ನಾನಿರುತ್ತೇನಾ ಎಂದು ಕೇಳಿದ. ಚಿಕ್ಕಪ್ಪನನ್ನೂ ಕರೆಸು, ಅವನು ಕಣ್ಣಾರೆ ನೋಡಲಿ ಅಂದ. ಚಿಕ್ಕಪ್ಪ ಮಡಿಕೆ ಮುರಿಯದ ಬಿಳಿ ಶರ್ಟು ಹಾಕಿಕೊಂಡು ಬಂದ. ನಿಜವಾದ ಎಡೆಗೆ ಬಂದವನ ಹಾಗೆ ಕಾಲು ತೊಳೆದುಕೊಂಡು ಒಳಗೆ ಬಂದ.

ಒಳಕೋಣೆಯಲ್ಲಿ ಅಪ್ಪ ಗೋಡೆಗೆ ದಿಂಬು ಒರಗಿಸಿಕೊಂಡು ಕೂತ. ಮುಂದೆ ಬಾಳೆಲೆ. ಹೆಂಡತಿ ಕಡುಬು ಬಡಿಸಿದಳು, ಕೋಳಿ ಸಾರು ಬಡಿಸಿದಳು, ಒಣಮೀನು ಇಟ್ಟಳು. ಅವಳ ಕಣ್ಣೀರು ಸಾರಿಗೆ ಬೀಳದಂತೆ ಸೋದರತ್ತೆ ಪಕ್ಕಕ್ಕೆ ಎಳೆದುಕೊಂಡರು. ನಾನು ಎಲೆಗೆ ಅಡ್ಡಬಿದ್ದೆ. ಅಪ್ಪ ರೂಢಿಯ ಮೇಲೆ ಆಶೀರ್ವಾದ ಮಾಡಲು ಕೈ ಎತ್ತಿದ. ಎತ್ತಬಾರದು ಅಣ್ಣ, ನೀನು ಈಗ ಇಲ್ಲ ಎಂದು ಸೋದರತ್ತೆ ನೆನಪು ಮಾಡಿದರು. ಅಪ್ಪ ಕೈ ಇಳಿಸಿದ.

ಬಾಗಿಲು ಎಳೆದುಕೊಂಡು ಹೊರಗೆ ಬಂದು ಎಲ್ಲರೂ ಸಾಲಾಗಿ ಕೂತೆವು. ಆ ಹೊತ್ತಿನಲ್ಲಿ ಯಾರೂ ಮಾತಾಡಬಾರದು. ಮಾಡುತ್ತಿರುವುದು ಆಟವೋ ನಿಜವೋ ಎಂದು ನನಗೆ ಒಂದು ಕ್ಷಣ ತಿಳಿಯದೆ ಹೋಯಿತು. ಆಗ ಒಳಗಿನಿಂದ ಅಪ್ಪನ ದನಿ ಬಂತು.

"ಉಪ್ಪು ಸಾಲ್ದು."

ಹೆಂಡತಿ ಉಪ್ಪಿನ ಡಬ್ಬಿಗೆ ಎದ್ದಳು. ನಡುವೆ ಬಾಗಿಲು ತೆಗೆಯುವ ಹಾಗಿಲ್ಲ ಎಂದು ಸೋದರತ್ತೆ ಸೆರಗು ಹಿಡಿದು ಕೂರಿಸಿದರು. ಚಿಕ್ಕಪ್ಪ ಬಾಗಿಲಿನ ಸಂದಿಗೆ ಬಾಯಿಟ್ಟು, "ಅಣ್ಣ, ಸತ್ತೋರು ಮಾತಾಡೋ ಹಂಗಿಲ್ಲ" ಅಂದ.

"ಆಮೇಲೆ ಹೇಳಕ್ಕಾಗಲ್ಲ ಅಂತಲೇ ಈಗ ಹೇಳ್ತಿರೋದು."

ಸ್ವಲ್ಪ ಹೊತ್ತು ಬಿಟ್ಟು ಬಾಗಿಲು ತೆಗೆದೆ. ಎಲೆಯ ಮುಂದೆ ಕೂತೆ. ಚಿಕ್ಕಪ್ಪ ಬಾಗಿಲಿನಲ್ಲಿ ನಿಂತಿದ್ದ. ಒಂದು ಸಣ್ಣ ತುಂಡು ಎತ್ತಿಕೊಂಡೆ. ಇದೇನು ಮಹಾ ಎಂದು ನನಗೆ ನಾನೇ ಹೇಳಿಕೊಂಡೆ. ಕೈ ಬಾಯಿಯ ಹತ್ತಿರ ಬಂತು, ಅಲ್ಲಿಂದ ಮುಂದೆ ಹೋಗಲಿಲ್ಲ. ಕಣ್ಣು ಮುಚ್ಚಿಕೊಂಡು ಮತ್ತೆ ಎತ್ತಿದೆ. ಆಗ ಅಪ್ಪ ನನ್ನ ಮಣಿಕಟ್ಟು ಹಿಡಿದ. ಅಷ್ಟು ಸೋತ ಕೈಗೆ ಅಷ್ಟು ಬಲ ಎಲ್ಲಿತ್ತೋ.

"ಬಿಡು. ನೀನು ಈ ಮುಖ ಇಟ್ಕೊಂಡು ತಿಂದ್ರೆ ನಂಗೆ ಅಲ್ಲಿಯೂ ಊಟ ಸೇರಲ್ಲ."

ತುಂಡನ್ನು ನನ್ನ ಕೈಯಿಂದ ತೆಗೆದು ಎಲೆಗೆ ಹಾಕಿದ. ಆಮೇಲೆ ಬೆರಳಿನಿಂದ ಸಾರನ್ನು ಒಂದು ಪಕ್ಕಕ್ಕೆ ಒತ್ತಿದ. ಗದ್ದೆಗೆ ಬದು ಕಟ್ಟುವ ಹಾಗೆ ನಡುವೆ ಕೈಯ ಅಂಚಿನಿಂದ ಜಾಗ ಮಾಡಿದ. ಸಾರು ತಾಗದ ಒಂದು ಕಡುಬನ್ನು ಎಲೆಯ ಈ ತುದಿಗೆ, ನನ್ನ ಕಡೆಗೆ ಸರಿಸಿದ.

"ಎಲೆಯಿಂದ ತಿನ್ಬೇಕು ಅಂತ ಇರೋದು. ಎಂತದನ್ನ ಅಂತ ಯಾರೂ ಹೇಳಿಲ್ಲ. ಇದನ್ನ ಮುರಿ."

ಮುರಿದೆ. ತಿಂದೆ. ಇಷ್ಟು ವರ್ಷ ಇಬ್ಬರೂ ಒಂದೇ ಮನೆಯಲ್ಲಿ ಇದ್ದು, ಇಬ್ಬರೂ ಒಂದೇ ವಿಷಯಕ್ಕೆ ಕೊರಗಿ, ಇಷ್ಟು ಸುಲಭದ ದಾರಿ ನನಗೆ ಹೊಳೆದಿರಲಿಲ್ಲ. ಅಪ್ಪ ಬಾಗಿಲಿನ ಕಡೆ ತಿರುಗಿ ತಮ್ಮನನ್ನು ನೋಡಿದ.

"ನೋಡ್ದೆಯಲ್ಲ, ಮುಟ್ಟಿದ. ನಾನು ನಿನ್ನ ಮನೆಗೆ ಬರಲ್ಲ. ಈಗ ಬಾಗಿಲು ಹಾಕು, ನಂದಿನ್ನೂ ಊಟ ಆಗಿಲ್ಲ."

ಕಾಫಿ ಕುಯಿಲು ಮುಗಿಯುವ ಮೊದಲೇ ಅಪ್ಪ ಹೋದ.

ಈ ಸಲದ ಮಹಾಲಯಕ್ಕೆ ನಿಜವಾದ ಎಡೆ. ಅದೇ ಕೋಣೆ. ಹೆಂಡತಿ ಯಾರೂ ಹೇಳದೆಯೇ ಒಂದು ಕಡುಬನ್ನು ಎಲೆಯ ಆ ತುದಿಯಲ್ಲಿ ಬೇರೆಯಾಗಿ ಇಟ್ಟಳು. ಚಿಕ್ಕಪ್ಪ ಕರೆಯುವ ಮೊದಲೇ ಬಂದಿದ್ದ, ಅವನ ಮನೆಯಲ್ಲಿ ಎಡೆ ಇಡಲಿಲ್ಲ. ಬಾಗಿಲು ಎಳೆದುಕೊಂಡು ಎಲ್ಲರೂ ಸಾಲಾಗಿ ಕೂತೆವು. ಒಳಗಿನಿಂದ ಏನೂ ಕೇಳಿಸಲಿಲ್ಲ. ಏಳುವ ಹೊತ್ತಾದರೂ ಯಾರೂ ಏಳಲಿಲ್ಲ. ನಾವೆಲ್ಲ ಬಾಗಿಲಿಗೆ ಕಿವಿಗೊಟ್ಟು ಕೂತಿದ್ದೇವೆ ಎಂದು ನನಗೆ ಆಗ ಗೊತ್ತಾಯಿತು.

ಸೋದರತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡು, ಬಹಳ ಮೆಲ್ಲಗೆ ಅಂದರು.

"ಈ ಸಲ ಉಪ್ಪು ಸರಿಯಾಗಿದೆ ಅಂತ ಕಾಣ್ತದೆ."

ಮೊದಲು ನಕ್ಕವನು ಚಿಕ್ಕಪ್ಪ. ನಗುತ್ತಲೇ ಟವೆಲಿನಿಂದ ಮುಖ ಮುಚ್ಚಿಕೊಂಡ. ನಾನು ಎದ್ದು ಬಾಗಿಲು ತೆಗೆದು, ಒಳಗೆ ಹೋಗಿ ಕಡುಬು ಮುರಿದೆ.